ಗೋಡೆಯ ಐದನೇ ಚಿತ್ರ

ಕರೋಶಿ, ಸೋಮವಾರ

ಪ್ರಾಜಕ್ತಾ ಟೀಚರ್ ಅವರಿಗೆ ಶಹಜಾದಬಿಯ ಸಲಾಂ.

ನನ್ನ ಮೊಮ್ಮಗಳು ಅಲ್ಫಿಯಾ ಶಾಲೆ ಬಿಡುವ ಹೊತ್ತಿಗೆ ಚೀರುತ್ತಾಳೆ, ಹಿಡಿದವರ ಕೈ ಕಚ್ಚುತ್ತಾಳೆ, ಹೀಗೇ ಆದರೆ ಇಟ್ಟುಕೊಳ್ಳುವುದಿಲ್ಲ ಎಂದು ಹೇಳಿ ಕಳಿಸಿದ್ದೀರಿ. ನನ್ನನ್ನೂ ಕಚ್ಚಿದ್ದಾಳೆ. ಅದಿರಲಿ.

ಆಟಿಸಂ ಇರುವ ಮಗುವಿಗೆ ಮುಂದೇನು ಎಂಬುದು ಕಣ್ಣಿಗೆ ಕಾಣಬೇಕು ಎಂದು ನೀವೇ ಗೋಡೆಗೆ ಐದು ಚಿತ್ರ ಅಂಟಿಸಿದಿರಿ. ಪ್ರಾರ್ಥನೆ, ಪಾಠ, ಊಟ, ಆಟ. ಕೊನೆಯದು ಕರೆದೊಯ್ಯಲು ಬರುವ ಅವಳ ಅಮ್ಮಿಯ ಫೋಟೋ. ನನ್ನ ಮಗಳು ಯಾಸ್ಮಿನ ತೀರಿಕೊಂಡು ನಲವತ್ತು ದಿನ ಮುಗಿದವು. ಫೋಟೋ ಅಲ್ಲೇ ಇದೆ. ಹುಡುಗಿ ಅದನ್ನು ನೋಡಿಕೊಂಡು ದಿನವೆಲ್ಲ ಕಾಯುತ್ತಾಳೆ, ಬಾಗಿಲಿಗೆ ನಾನು ಬಂದು ನಿಲ್ಲುತ್ತೇನೆ. ಅಷ್ಟು ಓದಿದವರಿಗೆ ಇಷ್ಟು ಹೊಳೆಯಲಿಲ್ಲವೆ? ನನಗೂ ಮೊನ್ನೆಯಷ್ಟೇ ಹೊಳೆದದ್ದು, ಬಿಡಿ.

ಚಿಕ್ಕೋಡಿಗೆ ಹೋಗಿ ನನ್ನ ಫೋಟೋ ತೆಗೆಸಿದೆ. ಸ್ಟುಡಿಯೋದವನು "ಆಯಿ, ಚೂರು ನಗರಿ" ಎಂದ. "ನಾ ನಕ್ಕರ ಹುಡುಗಿಗೆ ಗುರ್ತ ಸಿಗೂದಿಲ್ಲಪಾ, ಇದ್ದಂಗ ತಗಿ" ಎಂದೆ. ಈ ಲಕೋಟೆಯೊಳಗೆ ಇಟ್ಟಿದ್ದೇನೆ, ಕೊನೆಯ ಜಾಗಕ್ಕೆ ಅಂಟಿಸಿ. ಬೆಳಿಗ್ಗೆಯೇ ತೋರಿಸಿ "ನಾನಿ ಬರತಾಳ" ಎಂದಷ್ಟೇ ಹೇಳಿ. ಹೆಚ್ಚು ಮಾತು ಅವಳಿಗೆ ಆಗುವುದಿಲ್ಲ. ಎಂಟು ದಿನ ನೋಡಿ, ಆಮೇಲೆ ಹೆಸರು ತೆಗೆಯುವ ಮಾತು.

ಹಳೆಯ ಫೋಟೋ ಹುಡುಗಿಯ ಎದುರಿಗೆ ಕೀಳಬೇಡಿ. ನಿಧಾನವಾಗಿ ಕೀಳಿ, ಹರಿಯಬಾರದು. ನನ್ನ ಕೈಗೇ ಕೊಡಿ. ಯಾಸ್ಮಿನ ನಕ್ಕ ಫೋಟೋ ಮನೆಯಲ್ಲಿ ಇನ್ನೊಂದಿಲ್ಲ.

ನಾಲ್ಕೂವರೆಗೆ ಬಾಗಿಲಲ್ಲಿರುತ್ತೇನೆ.

ಅಲ್ಫಿಯಾಳ ನಾನಿ,
ಶಹಜಾದಬಿ