ಮೆಟ್ಟಿಲ ತಿರುವಲ್ಲಿ ಕಟ್ಟಾದ ಕಾಲ್

ತಾರೀಖು ಹದಿನೇಳು, ಗುರುವಾರ. ಹೊದಿಕೆ ಒಳಗಿಂದ ಮೆಲ್ಲಗೆ ಮಾತಾಡಿ ಫೋನಲ್ಲಿ ಡೈರಿ ರೆಕಾರ್ಡ್ ಮಾಡ್ತಿದೀನಿ.

ನಮ್ಮ ಹಾಸ್ಟೆಲ್ಲಲ್ಲಿ ಮಹಡಿಗೊಂದು ವೈಫೈ ಡಬ್ಬಿ; ಎಲ್ಲರ ಕಾಲೂ ಅದರಲ್ಲೇ, ನೋಡ್ಕೊಳ್ಳೋದು ನಾನು. ಓಡಾಡ್ತಾ ಮಾತಾಡೋರ ಕಾಲ್ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಬೇಗ ದಾಟ್ಲಿ ಅಂತ ಮಧ್ಯಾಹ್ನ ಅದರ ಕೋಡ್ ತಿದ್ದಿದೆ. ಮೆಟ್ಟಿಲು ಹತ್ತಿ ಇಳಿದು ನೋಡಿದೆ, ಎಲ್ಲೂ ತಡವರಿಸ್ಲಿಲ್ಲ. ತಿರುವಲ್ಲಿ ನಿಂತು ಮಾತ್ರ ನೋಡ್ಲಿಲ್ಲ. ಅಲ್ಲಿ ಎರಡೂ ಡಬ್ಬಿಯ ಸಿಗ್ನಲ್ ಸಮಸಮ, ಫೋನು ಅತ್ಲಾಗೆ ಇತ್ಲಾಗೆ ಜಿಗಿದು ಕಾಲ್ ಕಟ್ಟಾಗತ್ತೆ. ರೂಮಿಗೆ ಆರು ಜನ ಇರೋ ಕಡೆ ಗುಟ್ಟಾಗಿ ಮಾತಾಡೋಕೆ ಇರೋದೇ ಆ ತಿರುವು. ನಾನೂ ಅಮ್ಮನ ಹತ್ರ ಅಲ್ಲೇ ನಿಂತು ಅತ್ತಿದೀನಿ.

ಪಕ್ಕದ ಮಂಚದಲ್ಲಿ ಮಲಗೋ ಅಡುಗೆ ಅಣ್ಣನ ಫೋನನ್ನ ಅವನ ಹೆಂಡ್ತಿ, ಅಂದ್ರೆ ಅತ್ತಿಗೆ, ಅವರಿಬ್ಬರ ಜಗಳ ಆದ್ಮೇಲೆ ಇವತ್ತೇ ಮೊದಲು ಎತ್ತಿದ್ದು. ಅವನು ಆ ತಿರುವಲ್ಲೇ ನಿಂತಿದ್ದ, ಮೂರು ಸಲ ಕಟ್ಟಾಯ್ತು.

"ಮುಖಕ್ಕೆ ಹೊಡೆದ ಹಾಗೆ ಫೋನ್ ಇಟ್ಬಿಟ್ಲು ಕಣೋ," ಅಂದ. "ಸಾಕು, ಇನ್ನು ನಾನಾಗಿ ಮಾಡಲ್ಲ."

"ನೆಟ್‌ವರ್ಕ್ ಇರ್ಬೇಕಣ್ಣ."

"ಸರಿ ಮಾಡಿದೆ ಅಂತ ಊಟದಲ್ಲಿ ನೀನೇ ಕೊಚ್ಕೊಂಡೆಯಲ್ಲೋ."

ಎದ್ದು ಹೋಗಿ ತಿರುವಲ್ಲಿ ನಿಂತು ನೋಡಿದೆ, ನನ್ನ ಕಾಲೂ ಕಟ್ಟಾಯ್ತು.

ಈಗ ಹಳೇ ಕೋಡ್ ವಾಪಸ್ ಹಾಕಿದೀನಿ. ಆದ್ರೆ ಅವನು ಫೋನ್ ಆಫ್ ಮಾಡಿ ದಿಂಬಿನಡಿ ಇಟ್ಟಿದಾನೆ. ಅತ್ತಿಗೇನೇ ತಿರುಗಿ ಮಾಡ್ತಿದ್ರೆ? ಪಾಪ, ಮಗ್ಗುಲು ಬದಲಾಯಿಸ್ತಾನೇ ಇದಾನೆ. ಹೇಳಿದ್ರೆ ಬೈತಾನೆ. ಬೈಲಿ.

ಅಣ್ಣಾ, ಎಚ್ಚರ ಇದೀಯಾ? ಅದು ಅತ್ತಿಗೆ ಇಟ್ಟಿದ್ದಲ್ಲ, ನಾನು...