ಕುರಿ ಕಾಯುವ ಕೋಲು

ಜಹೀರಾಬಾದ್, ಗುರುವಾರ

ನಾಗಲಗಿದ್ದದಲ್ಲಿರುವ ತಮ್ಮ ಅಂಬರೀಶನಿಗೆ,

ನಿನ್ನ ಅಕ್ಕ ಇವತ್ತು ಓಣಿಯನ್ನು ಆರು ಸಲ ಸುತ್ತಿದಳು, ನಂಬು!

ಮೊಣಕಾಲು ಸವೆದಿದೆ ಎಂದು ಮಗಳು ಶಿರೀಷಾ ಎರಡು ತಿಂಗಳು ನನ್ನನ್ನು ಮಂಚ ಬಿಟ್ಟು ಇಳಿಯಗೊಡಲಿಲ್ಲ. ಕೂತಷ್ಟೂ ಸುಸ್ತು ಹೆಚ್ಚಿತು. ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವ ಮೇಡಂ ಮಾತ್ರ, "ದಿನಾ ಹತ್ತು ಮಿನಿಟ್ ಜೋರಾಗಿ ನಡೀರಿ ಅಮ್ಮಾ, ಸುಸ್ತು ಕಮ್ಮಿ ಆಗ್ತದ" ಎಂದರು.

ನನಗೆ ನಗು ಬಂತು. "ನಲವತ್ತು ವರ್ಷ ಕುರಿ ಹಿಂದ ನಡದೀನಿ, ನನಗ ನಡ್ಯಾದು ಕಲಸ್ತೀರೇನ್ರಿ?"

"ಕುರಿ ಮೇಯಾಕ ನಿಂತ್ರ ನೀವೂ ನಿಲ್ತಿದ್ರಿ. ಈಗ ನಿಲ್ಲಲಾರದ ನಡೀರಿ."

ಮೊದಲ ದಿನ ಮೂರು ಮಿನಿಟಿಗೇ ಏದುಸಿರು ಬಂತು. ಈಗ ಮೂರು ವಾರವಾಯಿತು. ನೋವು ಇನ್ನೂ ಇದೆ, ಆದರೆ ಮಧ್ಯಾಹ್ನ ಮಲಗಬೇಕು ಅನ್ನಿಸುವುದಿಲ್ಲ. ನಡೆಯುವಾಗ ಬಾಯಿಂದ ಕುರಿ ಕರೆಯುವ ಕೂಗು ಹೊರಟುಬಿಡುತ್ತದೆ, ಓಣಿಯವರೆಲ್ಲ ನಗುತ್ತಾರೆ.

ಹಿಂಡು ಒಪ್ಪಿಸಿದವರು ಕೋಲನ್ನೂ ಒಪ್ಪಿಸಬೇಕೆಂದು, ಊರು ಬಿಟ್ಟು ಮಗಳ ಮನೆಗೆ ಹೊರಟಾಗ ಎರಡನ್ನೂ ನಿನ್ನ ಕೈಗಿಟ್ಟು ಬಂದೆ. ಹಿಂಡು ನಿನ್ನದೇ ಇರಲಿ, ಕೋಲು ಮಾತ್ರ ಒರೆಸಿ ಇಡು. ಊರಿ ನಡೆಯಲು ಕೇಳುತ್ತಿದ್ದೇನೆ ಎಂದುಕೊಳ್ಳಬೇಡ. ಸೋಮವಾರ ಬಸ್ಸಿಳಿದ ಕೂಡಲೇ ಕುರಿಗಳನ್ನು ಹೊಡೆದುಕೊಂಡು ಹೋಗುವವಳು ನಾನೇ. ನೀನು ಮಂಚದ ಮೇಲೆ ಕೂತಿರು.

ನಿನ್ನ ಅಕ್ಕ,
ಮೋನಮ್ಮ