ಸೊಂಬಾರಮ್ಮನಿಗೆ ಸಿಗದ ಮೈಕು

ಫೆಬ್ರವರಿ 9, ಭಾನುವಾರ. ವಿಜಯವಾಡ.

ಸೊಂಬಾರಮ್ಮನ ಮುಖ ನೋಡಲಾಗುತ್ತಿಲ್ಲ.

ವಿಶಾಖಪಟ್ಟಣದ ನಮ್ಮ ಬ್ಯಾಂಕು ಸಾಲ ಕೊಟ್ಟು ನೋಡಿಕೊಳ್ಳುವ ಮಹಿಳಾ ಸಂಘಗಳಲ್ಲಿ ಅರಕು ಬೆಟ್ಟದ ಈ ಬುಡಕಟ್ಟು ಹೆಂಗಸರದೂ ಒಂದು. ಅವರ ಧಿಂಸಾ ಕುಣಿತದ ಹಳೆಯ ಹಾಡುಗಳು ಈಗ ಬರುವುದು ಸೊಂಬಾರಮ್ಮನೊಬ್ಬಳಿಗೇ. ಇಲ್ಲಿನ ಮಹಿಳಾ ಸಂಘಗಳ ಮೇಳಕ್ಕೆ ಬರಲೊಲ್ಲೆ ಎಂದಿದ್ದಳು. "ನಿಮ್ಮ ಹಾಡನ್ನು ಸಾವಿರ ಜನ ಕೇಳ್ತಾರೆ" ಎಂದು ಒಪ್ಪಿಸಿ ಕರೆತಂದವಳು ನಾನೇ.

ಇವತ್ತು ವೇದಿಕೆ ಹತ್ತುವಾಗ ಆಯೋಜಕರು ತಡೆದರು. "ಮೇಡಂಗಾರೂ, ಮುದುಕಿಯ ಹಾಡು ತುಂಬಾ ನಿಧಾನ. ಪೆನ್‌ಡ್ರೈವ್‌ನಲ್ಲಿ ಬೇರೆ ಹಾಡಿದೆ, ಅದಕ್ಕೇ ಕುಣಿಯಲಿ." ನಾನು ಬಾಯಿ ತೆರೆಯುವಷ್ಟರಲ್ಲಿ ಸ್ಪೀಕರ್ ಅಬ್ಬರಿಸಿತು. ಹೆಂಗಸರು ಒಬ್ಬರ ಸೊಂಟ ಒಬ್ಬರು ಹಿಡಿದು ಕುಣಿದರು. ಸಾಲಿನ ತುದಿಯಲ್ಲಿ ಸೊಂಬಾರಮ್ಮ ತನ್ನ ಹಾಡನ್ನೇ ಹಾಡುತ್ತಿದ್ದಳು. ತುಟಿ ಆಡುವುದಷ್ಟೇ ಕಾಣುತ್ತಿತ್ತು.

ಆಮೇಲೆ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು ಶಾಲು ಹೊದಿಸಿದರು. "ಊರಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆದಿಲ್ಲ, ಮೇಡಂ," ಎಂದು ಕುಣಿದವರಲ್ಲೊಬ್ಬಳಾದ ಜಮುನಾ ಅತ್ತಳು. ಅವಳ ಸಂತೋಷದ ಮುಂದೆ ನಾನು ಏನು ದೂರಲಿ?

ಛತ್ರಕ್ಕೆ ಬಂದ ಮೇಲೆ ಸೊಂಬಾರಮ್ಮ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದಳು, "ನಾನೇನಾದರೂ ತಪ್ಪು ಹಾಡಿದೆನಾ, ಅಮ್ಮಾ?"

ಇಲ್ಲ ಎಂದೆ.

"ಮತ್ತೆ ಮೈಕು ಯಾಕೆ ಕೊಡಲಿಲ್ಲ?"

ಮುಂದಿನ ತಿಂಗಳು ಇನ್ನೊಂದು ಮೇಳಕ್ಕೆ ಕರೆ ಬಂದಿದೆ. ಜಮುನಾ ಮತ್ತು ಉಳಿದವರು ಪೆನ್‌ಡ್ರೈವ್ ಹಾಡನ್ನು ಫೋನಿಗೆ ಹಾಕಿಸಿಕೊಂಡು ಪಕ್ಕದ ಕೋಣೆಯಲ್ಲಿ ಹೆಜ್ಜೆ ಕೂಡಿಸುತ್ತಿದ್ದಾರೆ, ನಗುತ್ತಿದ್ದಾರೆ. ಸೊಂಬಾರಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ನಿದ್ದೆ ಬಂದಿಲ್ಲ, ಗೊತ್ತು. ಎದ್ದು ಮಾತಾಡಿಸಬೇಕು, ಆದರೆ ಮುಂದಿನ ಮೇಳಕ್ಕೂ ಬನ್ನಿ ಎಂದು ಯಾವ ಬಾಯಲ್ಲಿ ಕರೆಯಲಿ?